ಸ್ಮರಣೆಯ ಆರಾಧನೆಗೆ ಮನೆಯವರು ತಯಾರಾಗುವುದು ಹೇಗೆ?

ಮಣ್ಣು ಕೊಡುವ ದಿನ ಮನೆಯವರಿಗೆ ಕೂರಲೂ ಪುರುಸೊತ್ತು ಇರುವುದಿಲ್ಲ. ಪೆಟ್ಟಿಗೆ, ಗುಂಡಿ, ಆಂಬುಲೆನ್ಸ್, ದೂರದಿಂದ ಬರುವವರ ರೈಲು, ಇಷ್ಟರಲ್ಲೇ ದಿನ ಮುಗಿಯುತ್ತದೆ. ಹೋದವರು ಎಂಥವರಾಗಿದ್ದರು ಅಂತ ನೆನೆಯಲು, ಆ ಬದುಕಿಗಾಗಿ ದೇವರಿಗೆ ಸ್ತೋತ್ರ ಹೇಳಲು ಸಮಯ ಸಿಗುವುದು ಆಮೇಲೆ ನಡೆಯುವ ಸ್ಮರಣೆಯ ಆರಾಧನೆಯಲ್ಲಿ.

ನಾನು ಮಂಗಳೂರಿನ ಸಿಎಸ್‌ಐ (ದಕ್ಷಿಣ ಭಾರತ ಸಭೆ ಅನ್ನುವ ಪ್ರೊಟೆಸ್ಟೆಂಟ್ ಚರ್ಚ್) ಸಭೆಯವಳು. ಸ್ತ್ರೀಯರ ಅನ್ಯೋನ್ಯ ಕೂಟದ ಕಡೆಯಿಂದ ಇಂಥ ತಯಾರಿಗೆ ಎಷ್ಟೋ ಮನೆಗಳಿಗೆ ಹೋಗಿದ್ದೇನೆ. ನಮ್ಮ ಮಾವನವರ ಆರಾಧನೆಯನ್ನೂ ಮನೆಯವರೆಲ್ಲ ಸೇರಿ ತಯಾರು ಮಾಡಿದೆವು. ನಾನು ಎಲ್ಲರಿಗೂ ಹೇಳುವುದು ಇದನ್ನೇ: ಹೊಗಳಿಕೆ ಕಡಿಮೆ ಮಾಡಿ, ನಡೆದ ಸಣ್ಣ ಸಂಗತಿಗಳನ್ನು ಜಾಸ್ತಿ ಹೇಳಿ.

ಮೊದಲು ಸಭಾಪಾಲಕರ, ಅಂದರೆ ಪಾಸ್ಟ್ರ ಹತ್ತಿರ ಮಾತಾಡಿ. ಹಾಲ್ ಬುಕ್ ಮಾಡುವುದು, ಕಾರ್ಡ್ ಅಚ್ಚು ಹಾಕಿಸುವುದು ಎಲ್ಲ ಆಮೇಲೆ. ಕೆಲವರು ಏಳನೇ ದಿನ ಮಾಡುತ್ತಾರೆ, ಕೆಲವರು ನಲವತ್ತನೇ ದಿನ, ಕೆಲವರು ವರ್ಷ ತುಂಬಿದಾಗ. ಇಂಥ ದಿನವೇ ಮಾಡಬೇಕು ಅಂತ ಬೈಬಲ್‌ನಲ್ಲಿ ಎಲ್ಲೂ ಇಲ್ಲ. ಹಾಗಾಗಿ ಲೆಕ್ಕ ಹಿಡಿದು ಒದ್ದಾಡಬೇಡಿ, ಬರಬೇಕಾದವರು ಬರಲು ಆಗುವ ದಿನ ನೋಡಿ. ಶುಭ ಶುಕ್ರವಾರದ ವಾರ ಮಾತ್ರ ಬೇಡ, ಆಗ ಪಾಸ್ಟ್ರಿಗೂ ಹಾಡುವ ಕಾಯರ್‌ನವರಿಗೂ ಉಸಿರಾಡಲು ಬಿಡುವಿರುವುದಿಲ್ಲ.

ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಒಬ್ಬರಾದರೂ ಗಲ್ಫ್‌ನಲ್ಲಿ ಇರುತ್ತಾರೆ. ಅವರಿಗಾಗಿ ಶನಿವಾರ ಸಂಜೆ ಇಟ್ಟುಕೊಳ್ಳುವುದು ಒಳ್ಳೆಯದು. ಸೌದಿ, ಕುವೈತ್‌ನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ದುಬೈ ಕಡೆ 2022ರಿಂದ ಶನಿವಾರ, ಭಾನುವಾರ. ಎರಡೂ ಕಡೆಗೆ ಹೊಂದುವುದು ಶನಿವಾರ ಒಂದೇ. ನಮ್ಮಲ್ಲಿ ನಾಲ್ಕೂವರೆ ಆದಾಗ ದುಬೈಯಲ್ಲಿ ಮೂರು ಗಂಟೆ, ಕುವೈತ್‌ನಲ್ಲಿ ಎರಡು. ವಿಡಿಯೋ ತೋರಿಸುವುದಿದ್ದರೆ ಫೋನನ್ನು ಸ್ಟ್ಯಾಂಡಿಗೆ ಹಾಕಿ ಸ್ಪೀಕರ್‌ನ ಹತ್ತಿರ ಇಡಿ. ಹಿಂದಿನ ದಿನವೇ ಅದೇ ಜಾಗದಲ್ಲಿ ನೆಟ್‌ವರ್ಕ್ ನೋಡಿ. ದೇವಾಲಯದ ಗೋಡೆ ದಪ್ಪ ಇರುತ್ತದೆ, ಹೊರಗೆ ಚೆನ್ನಾಗಿ ಸಿಗುವ ಸಿಗ್ನಲ್ ಒಳಗೆ ಸಿಗುವುದಿಲ್ಲ.

ಇನ್ನು ನಿಜವಾದ ಕೆಲಸ. ಒಂದು ರಾತ್ರಿ ಊಟ ಆದ ಮೇಲೆ ಮನೆಯವರೆಲ್ಲ ಕೂತುಕೊಳ್ಳಿ. ಒಬ್ಬರು ನೋಟ್‌ಬುಕ್ ಹಿಡಿಯಲಿ. "ಅವರು ಹೇಗಿದ್ದರು?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ "ತುಂಬಾ ಒಳ್ಳೆಯವರು" ಅಂದು ಸುಮ್ಮನಾಗುತ್ತಾರೆ. "ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದರು?", "ಯಾವಾಗ ಸಿಟ್ಟು ಬರುತ್ತಿತ್ತು?", "ನಿಮಗೆ ಏನು ಕಲಿಸಿದರು?" ಅಂತ ಕೇಳಿ. ಆಗ ಮಾತು ಹೊರಡುತ್ತದೆ. ಅಳುವೂ ಬರುತ್ತದೆ, ಬರಲಿ. ಎಷ್ಟೋ ಮನೆಗಳಲ್ಲಿ ಅತ್ತು ನಕ್ಕು ಹಗುರಾಗುವುದು ಈ ರಾತ್ರಿಯೇ.

ನಮ್ಮ ಮಾವ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯ ಕೆಲಸದಲ್ಲಿದ್ದವರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕೆಲಸ ಶುರು ಮಾಡಿದ್ದು ಅದೇ ಜೆಪ್ಪುವಿನಲ್ಲಿ. ಆಗಿನಿಂದಲೂ ನಮ್ಮ ಸಭೆಗಳ ಎಷ್ಟೋ ಕುಟುಂಬಗಳ ಅನ್ನ ಹಂಚಿನಿಂದಲೇ ಬಂದಿದೆ. ಸುಟ್ಟು ಹೊರಗೆ ಬಂದ ಹಂಚನ್ನು ಬೇರ್ಪಡಿಸುವುದು ಮಾವನ ಕೆಲಸ. ಒಂದು ಕೈಯಲ್ಲಿ ಹಂಚು ಎತ್ತಿ ಹಿಡಿದು ಇನ್ನೊಂದು ಕೈಯ ಗೆಣ್ಣಿನಿಂದ ತಟ್ಟುತ್ತಿದ್ದರು. ಟಣ್ ಅಂದರೆ ಒಳ್ಳೆ ಹಂಚು. ಸದ್ದು ಬೊದ್ದಾಗಿ ಬಂದರೆ ಎಲ್ಲೋ ಕಣ್ಣಿಗೆ ಕಾಣದ ಬಿರುಕು ಇದೆ ಅಂತ ಅರ್ಥ. ಅಂಥದ್ದನ್ನು ಪಕ್ಕಕ್ಕೆ ಇಡುವರು. ಯಾರು ಅವಸರ ಮಾಡಿದರೂ ಅದು ಒಳ್ಳೆ ಹಂಚಿನ ಸಾಲಿಗೆ ಸೇರುತ್ತಿರಲಿಲ್ಲ. ನಿವೃತ್ತಿಯಾದ ಮೇಲೂ ಅಭ್ಯಾಸ ಬಿಡಲಿಲ್ಲ. ಸಂತೆಯಲ್ಲಿ ಮಣ್ಣಿನ ಪಾತ್ರೆ ಕಂಡರೆ ತಟ್ಟದೆ ಮುಂದೆ ಹೋದವರಲ್ಲ.

ನನ್ನ ಮೈದುನ ಮೊದಲು ಬರೆದ ಜೀವನ ಚರಿತ್ರೆಯಲ್ಲಿ "ಪ್ರಾಮಾಣಿಕರೂ ಶ್ರಮಜೀವಿಗಳೂ ದೈವಭಕ್ತರೂ ಆಗಿದ್ದರು" ಅಂತ ಇತ್ತು. ಸುಳ್ಳೇನಲ್ಲ. ಆದರೆ ಆ ಸಾಲನ್ನು ಯಾರ ಹೆಸರಿನ ಮುಂದೆ ಬೇಕಾದರೂ ಇಡಬಹುದು, ಅಲ್ವಾ? ಅದನ್ನು ತೆಗೆದು ಹಂಚು ತಟ್ಟುವ ಸಂಗತಿ ಹಾಕಿದೆವು. ಪ್ರಾಮಾಣಿಕ ಅನ್ನುವ ಮಾತು ಬರಲೇ ಇಲ್ಲ, ಆದರೂ ಕೂತವರಿಗೆಲ್ಲ ಗೊತ್ತಾಯಿತು.

ಜೀವನ ಚರಿತ್ರೆ ಒಂದು ಪುಟ ಸಾಕು, ಓದಲು ಐದು ನಿಮಿಷ. ಹುಟ್ಟಿದ್ದು, ದೀಕ್ಷಾಸ್ನಾನ, ಮದುವೆ, ಇವುಗಳ ತಾರೀಕು ಸರಿಯಾಗಿರಲಿ. ಅನುಮಾನ ಇದ್ದರೆ ಸಭೆಯ ರಿಜಿಸ್ಟರ್ ನೋಡಲು ಕೇಳಿ. ಮನೆಯ ಹಳೇ ಬೈಬಲ್‌ನ ಮೊದಲ ಪುಟಗಳನ್ನೂ ನೋಡಿ, ಹಿರಿಯರು ಮಕ್ಕಳ ಹುಟ್ಟಿದ ದಿನವನ್ನು ಅಲ್ಲೇ ಬರೆದಿಟ್ಟಿರುತ್ತಾರೆ. ಓದುವವರು ಮಕ್ಕಳೇ ಆಗಬೇಕು ಅಂತಿಲ್ಲ. ಗಂಟಲು ಕಟ್ಟುವ ಹಾಗಿದ್ದರೆ ಸೊಸೆಯೋ ಅಳಿಯನೋ ಓದಲಿ. ಇನ್ನೊಬ್ಬರ ಕೈಯಲ್ಲೂ ಒಂದು ಪ್ರತಿ ಇರಲಿ, ನಡುವೆ ನಿಂತರೆ ಮುಂದುವರಿಸಬಹುದು.

ಬೈಬಲ್ ವಾಚನಕ್ಕೆ ಎಲ್ಲರೂ ಕೀರ್ತನೆ 23ನ್ನೇ ಆರಿಸುತ್ತಾರೆ. ಆರಿಸಲಿ, ಬಾಯಿಪಾಠ ಇರುವ ಮಾತು ದುಃಖದಲ್ಲಿ ಆಸರೆ. ಅದರ ಜೊತೆ ಆ ವ್ಯಕ್ತಿಗೇ ಒಪ್ಪುವ ಇನ್ನೊಂದು ಭಾಗ ಇರಲಿ. ಸಂಸಾರ ತೂಗಿಸಿದ ತಾಯಿಗೆ ಜ್ಞಾನೋಕ್ತಿ 31. ಬಹಳ ದಿನ ಕಾಯಿಲೆ ಅನುಭವಿಸಿದವರಿಗೆ ಪ್ರಕಟಣೆ 21, ಕಣ್ಣೀರನ್ನೆಲ್ಲ ಒರಸುವ ಮಾತು ಅಲ್ಲಿದೆ. ಸಭೆಗಾಗಿ ದುಡಿದ ಹಿರಿಯರಿಗೆ ಎರಡನೆಯ ತಿಮೊಥೆ 4, ಓಟ ಮುಗಿಸಿದ ಪೌಲನ ಮಾತು. ಅವರ ಸ್ವಂತ ಬೈಬಲ್ ತೆರೆದು ನೋಡಿದರೆ ಇನ್ನೂ ಒಳ್ಳೆಯದು. ಮಾವನ ಬೈಬಲ್‌ನಲ್ಲಿ ಕೀರ್ತನೆ 121ರ ಪಕ್ಕ ಪೆನ್ಸಿಲ್ ಗೆರೆ ಇತ್ತು. ಬೇರೆ ಹುಡುಕಲೇ ಇಲ್ಲ. ದೊಡ್ಡ ಮೊಮ್ಮಗಳು ಅದನ್ನು ಅದೇ ಬೈಬಲ್‌ನಿಂದ ಓದಿದಳು.

ಹಾಡು ಮೂರು ಸಾಕು. ಅವರು ಹಾಡುತ್ತಿದ್ದ ಹಾಡೇ ಆಗಲಿ, ಅದು ದುಃಖದ ಹಾಡು ಆಗಿರಬೇಕಿಲ್ಲ. ಬಾಸೆಲ್ ಮಿಷನ್‌ನವರು ತಂದ ಜರ್ಮನ್ ರಾಗಗಳನ್ನು ನಾವು ಈಗಲೂ ನಾಲ್ಕು ಸ್ವರದಲ್ಲಿ ಹಾಡುತ್ತೇವೆ. ಮಾವ ಬೇಸ್, ಅಂದರೆ ನಾಲ್ಕರಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರ ಹಾಡುತ್ತಿದ್ದರು. ಆ ದಿನ ಅವರ ಸಾಲಿನವರು ಕಾಯರ್‌ನ ಜಾಗದಲ್ಲೇ ನಿಂತು ಬೇಸ್ ಹಿಡಿದರು. ಒಂದು ಮಾತು ನೆನಪಿಡಿ: ಅತ್ತ ಗಂಟಲಿಗೆ ಮೇಲಿನ ಸ್ವರ ಏರುವುದಿಲ್ಲ. ಕೀಬೋರ್ಡ್ ನುಡಿಸುವವರಿಗೆ ಹೇಳಿ ಶ್ರುತಿ ಸ್ವಲ್ಪ ಇಳಿಸಿಕೊಳ್ಳಿ.

ಒಟ್ಟು ಒಂದು ಗಂಟೆ. ಹಾಡು, ಪ್ರಾರ್ಥನೆ, ವಾಚನ, ಜೀವನ ಚರಿತ್ರೆ, ಮತ್ತೆ ಹಾಡು, ಇಬ್ಬರ ನೆನಪಿನ ಮಾತು, ಪಾಸ್ಟ್ರ ಸಂದೇಶ, ಕೃತಜ್ಞತೆಯ ಪ್ರಾರ್ಥನೆ, ಮನೆಯವರ ಪರವಾಗಿ ವಂದನೆ, ಕೊನೆಯ ಹಾಡು, ಕರ್ತನ ಪ್ರಾರ್ಥನೆ, ಆಶೀರ್ವಾದ. ನೆನಪಿನ ಮಾತಿಗೆ ಇಬ್ಬರೇ, ತಲಾ ಮೂರು ನಿಮಿಷ. ಮೊದಲೇ ಹೇಳಿಟ್ಟವರು ಮಾತ್ರ ಮಾತಾಡಲಿ. "ಯಾರಾದರೂ ಮಾತಾಡುವವರಿದ್ದರೆ ಬನ್ನಿ" ಅಂತ ಮೈಕ್ ಬಿಟ್ಟುಕೊಟ್ಟರೆ ಸಮಯ ಕೈ ಮೀರುತ್ತದೆ. ಇಬ್ಬರಲ್ಲಿ ಒಬ್ಬರು ಸಭೆಯ ಹೊರಗಿನವರಾಗಿರಲಿ. ನಮ್ಮಲ್ಲಿ ಪಕ್ಕದ ಮನೆಯ ಬ್ಯಾರಿ (ಕರಾವಳಿಯ ಮುಸ್ಲಿಂ) ಅಜ್ಜ ಮಾತಾಡಿದರು. ಮಳೆಗಾಲದ ಮೊದಲು ಅವರ ಮಾಡಿನ ಹಂಚನ್ನು ಮಾವ ಪ್ರತಿ ವರ್ಷ ಹತ್ತಿ ಸರಿ ಮಾಡಿಕೊಡುತ್ತಿದ್ದರಂತೆ. ಸ್ವಂತ ಮಕ್ಕಳಿಗೂ ಇದು ಗೊತ್ತಿರಲಿಲ್ಲ.

ಕಥೊಲಿಕ್ ಮನೆಯವರಾದರೆ ಕ್ರಮ ಬೇರೆ. ಅಲ್ಲಿ ಸತ್ತವರ ಆತ್ಮಕ್ಕಾಗಿ ಬಲಿಪೂಜೆ (ಮಾಸ್) ಅರ್ಪಿಸುತ್ತಾರೆ. ಪ್ರವಚನದ ಜಾಗದಲ್ಲಿ ಗುಣಗಾನ ಮಾಡುವ ಹಾಗಿಲ್ಲ. ಮನೆಯವರ ಮಾತು ಯಾವಾಗ, ಎಷ್ಟು ಅಂತ ಧರ್ಮಗುರುಗಳನ್ನೇ ಕೇಳಿ. ಪೂಜೆ ಮುಗಿದ ಮೇಲೆ ಹಾಲ್‌ನಲ್ಲಿ ಮಾತಾಡುವುದೂ ಚೆನ್ನಾಗಿರುತ್ತದೆ.

ಫೋಟೋ ವಿಷಯ. ಫೋಟೋಗೆ ಹಾರ ಹಾಕುವುದು, ಮುಂದೆ ದೀಪ ಹಚ್ಚುವುದು ಕೆಲವು ಸಭೆಗಳಲ್ಲಿ ಒಪ್ಪುವುದಿಲ್ಲ. ಮೊದಲೇ ಕೇಳಿ ತಿಳಿದುಕೊಳ್ಳಿ, ಆ ದಿನ ಬಾಗಿಲಲ್ಲಿ ಚರ್ಚೆ ಬೇಡ. ಪಕ್ಕದಲ್ಲಿ ಹೂದಾನಿ ಇಟ್ಟರೆ ಯಾರ ತಕರಾರೂ ಇರುವುದಿಲ್ಲ. ಪಾಸ್‌ಪೋರ್ಟ್ ಫೋಟೋ ದೊಡ್ಡದು ಮಾಡಿಸಬೇಡಿ. ನಗುತ್ತಿರುವುದು, ಕೆಲಸ ಮಾಡುತ್ತಿರುವುದು ಯಾವುದಾದರೂ ಸಿಗುತ್ತದೆ, ಹುಡುಕಿ. ಅವರ ಕೈ ಸೋಕಿದ ಒಂದೆರಡು ವಸ್ತುವನ್ನೂ ಮೇಜಿನ ಮೇಲೆ ಇಡಬಹುದು. ನಾವು ಬೈಬಲ್, ಕನ್ನಡಕ, ಒಂದು ಹಂಚು ಇಟ್ಟೆವು. ಬಂದ ಮಕ್ಕಳೆಲ್ಲ ಹಂಚು ತಟ್ಟಿ ನೋಡಿದರು, ಯಾರೂ ಬೇಡ ಅನ್ನಲಿಲ್ಲ.

ಕ್ರಮ ಪತ್ರಿಕೆ ಎ4 ಹಾಳೆ ಮಡಚಿದರೆ ಸಾಕು. ಹಾಡಿನ ಸಾಹಿತ್ಯ ಪೂರ್ತಿ ಇರಲಿ, ಅಕ್ಷರ ದೊಡ್ಡದಿರಲಿ. ಎಲ್ಲಿ ಏಳಬೇಕು, ಎಲ್ಲಿ ಕೂರಬೇಕು ಅಂತ ಬರೆಯಿರಿ, ಹಿಂದೂ, ಮುಸ್ಲಿಂ ನೆಂಟರಿಷ್ಟರು ಬಂದಿರುತ್ತಾರೆ. ಅವರಿಗೆ ಸಂಕೋಚ ಆಗಬಾರದು. ನೀವು ಮೊಬೈಲ್‌ನಲ್ಲಿ ಟೈಪ್ ಮಾಡಿ ಕಳಿಸಿದ್ದು ಡಿಟಿಪಿಯವರ ನುಡಿ ಫಾಂಟಿಗೆ ಬದಲಾಗುವಾಗ ಒತ್ತಕ್ಷರ, ಅರ್ಕಾವೊತ್ತು ಆಚೀಚೆ ಆಗುತ್ತವೆ. "ಕರ್ತನು" ಅನ್ನುವುದೇ ಕೆಟ್ಟರೆ ಮನಸ್ಸಿಗೆ ಕಷ್ಟ. ಪ್ರೂಫನ್ನು ಕಾಗದದ ಮೇಲೆ ತೆಗೆಸಿ, ಇಬ್ಬರು ಓದಿ, ಆಮೇಲೆ ಒಪ್ಪಿಗೆ ಕೊಡಿ.

ಎಲ್ಲ ಸಾವೂ ತುಂಬು ಬಾಳಿನ ಸಾವಲ್ಲ. ಚಿಕ್ಕ ವಯಸ್ಸಿನವರು ಹೋದಾಗ, ತಾವೇ ಜೀವ ತೆಗೆದುಕೊಂಡಾಗ, ಕುಡಿತದಿಂದ ಮನೆ ನೋಯಿಸಿದವರು ಹೋದಾಗ ಏನು ಹೇಳುವುದು? ಸುಳ್ಳು ಹೇಳಬೇಡಿ, ಎಲ್ಲವನ್ನೂ ಬಿಚ್ಚಿಡಲೂ ಬೇಡಿ. ಅವರಿಂದ ಸಿಕ್ಕಿದ ಒಂದು ಒಳ್ಳೆಯದನ್ನು ಹೇಳಿ, ಉಳಿದದ್ದನ್ನು ಪ್ರಾರ್ಥನೆಯಲ್ಲಿ ದೇವರ ಕೈಗೆ ಕೊಡಿ. "ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ" ಅನ್ನುವ ಮಾತನ್ನು ದಯವಿಟ್ಟು ಯಾರಿಗೂ ಆಡಲು ಬಿಡಬೇಡಿ. ಮಗು ಕಳಕೊಂಡ ತಾಯಿಗೆ ಅದು ಗಾಯದ ಮೇಲೆ ಬರೆ. ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಕಣ್ಣೀರು ಬಿಟ್ಟನು, ಯೋಹಾನ 11ರಲ್ಲಿ ಇದೆ. ಅಂಥ ಮನೆಗಳಲ್ಲಿ ನಾನು ಆ ಭಾಗವನ್ನೇ ಓದಿಸುತ್ತೇನೆ.

ಆರಾಧನೆ ಆದ ಮೇಲೆ ಚಹಾ, ಗೋಳಿಬಜೆ, ಒಂದು ಸಿಹಿ ಸಾಕು. ಎಲ್ಲರೂ ತಿನ್ನುವ ಹಾಗೆ ಸಸ್ಯಾಹಾರವೇ ಇರಲಿ. ದೊಡ್ಡ ಊಟಕ್ಕೆ ಸಾಲ ಮಾಡಬೇಡಿ. ಅವರ ಹೆಸರಿನಲ್ಲಿ ಸಂಡೇಸ್ಕೂಲ್‌ಗೋ ಬಡ ಮಕ್ಕಳ ಫೀಸಿಗೋ ಕಾಣಿಕೆ ಕೊಡುವುದಾದರೆ ಕೊಡಿ, ಮೊತ್ತ ಮೈಕಿನಲ್ಲಿ ಓದಿಸಬೇಡಿ.

ಕ್ರಮ ಪತ್ರಿಕೆಯ ಒಂದು ಪ್ರತಿ ಸಭೆಯ ಕಚೇರಿಗೆ ಕೊಡಿ, ಒಂದು ಮನೆಯ ಬೈಬಲ್‌ನಲ್ಲಿ ಇಡಿ. ನೆಂಟರು ಊರಿಗೆ ಹೊರಟ ಮೇಲೆ ಮನೆ ಖಾಲಿ ಆಗುತ್ತದೆ. ಸಂಗಾತಿ ಕಳಕೊಂಡವರಿಗೆ ಕಷ್ಟ ಶುರುವಾಗುವುದು ಆಗ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮುಂದಿನ ಎರಡು ತಿಂಗಳ ಭಾನುವಾರಗಳನ್ನು ಬರೆದು, ಆರಾಧನೆ ಮುಗಿದ ಮೇಲೆ ಅತ್ತೆಯನ್ನೋ ಮಾವನನ್ನೋ ಯಾರು ಊಟಕ್ಕೆ ಕರೆದುಕೊಂಡು ಹೋಗುತ್ತಾರೆ ಅಂತ ಒಂದೊಂದರ ಮುಂದೆ ಹೆಸರು ಹಾಕಿ. ಎಲ್ಲರೂ ಇನ್ನೂ ಊರಲ್ಲಿ ಇರುವಾಗಲೇ ಇದನ್ನು ಮಾಡಿ.