ಹಳೆಯ ವೈಟ್‌ವಾಟರ್ ಕೆನೂವನ್ನು ನಿಮ್ಮ ಮೈಗೆ ಹೊಂದಿಸಿಕೊಳ್ಳುವುದು

ರಭಸದ ನೀರಿನಲ್ಲಿ ಮಂಡಿಯೂರಿ ಕೂತು ಹುಟ್ಟು ಹಾಕುವ ದೋಣಿಯನ್ನು, ಅಂದರೆ ವೈಟ್‌ವಾಟರ್ ಕೆನೂವನ್ನು, ಸೆಕೆಂಡ್ ಹ್ಯಾಂಡ್ ಕೊಂಡಿದ್ದೀರಾ? ದೋಣಿ ಗಟ್ಟಿಯಾಗಿಯೇ ಇರಬಹುದು. ಆದರೆ ಒಳಗಿನ ಸ್ಯಾಡಲ್ (ಕಾಲು ಅಗಲಿಸಿ ಕೂರುವ ಫೋಮ್ ಪೀಠ), ತೊಡೆಪಟ್ಟಿ, ಮಂಡಿ ಮೆತ್ತೆ ಎಲ್ಲ ಬೇರೆಯವರ ಅಳತೆಗೆ ಕೂರಿಸಿದ್ದು. ರಭಸದ ನೀರಿನಲ್ಲಿ ದೋಣಿಯನ್ನು ವಾಲಿಸುವುದು, ಮತ್ತೆ ನೆಟ್ಟಗೆ ಮಾಡುವುದು ಎಲ್ಲ ಸೊಂಟ, ತೊಡೆ, ಮಂಡಿಯ ಕೆಲಸ. ಅಲ್ಲಿ ಬೆರಳಷ್ಟು ಸಡಿಲ ಇದ್ದರೂ ನೀವು ವಾಲುತ್ತೀರಿ, ದೋಣಿ ವಾಲುವುದಿಲ್ಲ.

ಮೊದಲು ದೋಣಿ ಯಾವುದರಿಂದ ಮಾಡಿದ್ದು ಅಂತ ತಿಳಿದುಕೊಳ್ಳಿ. ಹಳೆಯವು ಎಷ್ಟೋ ರಾಯಲೆಕ್ಸ್ ಎಂಬ ಪದರದ ಹಾಳೆಯವು, ಅಂದರೆ ನಡುವೆ ಎಬಿಎಸ್ ಪ್ಲಾಸ್ಟಿಕ್ಕಿನ ಫೋಮ್, ಹೊರಮೈಗೆ ವಿನೈಲ್. ಈ ಹಾಳೆಯ ತಯಾರಿಕೆ 2014ರಲ್ಲಿ ನಿಂತುಹೋಯಿತು, ಹಾಗಾಗಿ ಸಿಕ್ಕಿದ್ದನ್ನು ಜೋಪಾನ ಮಾಡಿ. ಇದಕ್ಕೆ ವಿನೈಲ್ ಅಂಟಿನಿಂದ ವಿನೈಲ್ ಪ್ಯಾಚ್ ಚೆನ್ನಾಗಿ ಕೂರುತ್ತದೆ. ಪಾಲಿಎಥಿಲೀನ್ ದೋಣಿ ಆದರೆ ಕಥೆಯೇ ಬೇರೆ. ಅದಕ್ಕೆ ಮಾಮೂಲಿ ಅಂಟು ಹಿಡಿಯುವುದಿಲ್ಲ, ಬೋಲ್ಟ್ ಹಾಕಿ ಬಿಗಿಯುವುದೇ ನಂಬಿಕೆಯ ದಾರಿ.

ಹಳೆಯದನ್ನೆಲ್ಲ ಕಿತ್ತುಹಾಕುವ ಆತುರ ಬೇಡ. ಪಟ್ಟಿ ಕಟ್ಟಲು ಪ್ಯಾಚಿನ ಜೊತೆ ದೋಣಿಗೆ ಅಂಟಿಸಿರುವ ಡಿ ಆಕಾರದ ಬಳೆಗೆ, ಅಂದರೆ ಡಿ-ರಿಂಗ್‌ಗೆ, ಹಗ್ಗ ಕಟ್ಟಿ ಮೈಭಾರ ಹಾಕಿ ಎಳೆಯಿರಿ. ಪ್ಯಾಚಿನ ಅಂಚು ಕೂದಲೆಳೆಯಷ್ಟೂ ಏಳದಿದ್ದರೆ ಅದನ್ನು ಮುಟ್ಟಬೇಡಿ. ಫೋಮ್ ತೆಗೆಯಬೇಕಾದರೆ ಅದರ ಅಡಿಗೆ ತೆಳುವಾದ ಗಟ್ಟಿ ದಾರ ಹಾಕಿ ಗರಗಸದ ಹಾಗೆ ಎಳೆಯಿರಿ, ಉಳಿದಿದ್ದನ್ನು ಅಗಲ ಬಾಯಿಯ ಪುಟ್ಟಿ ಚಾಕುವಿನಿಂದ ಕೆರೆಯಿರಿ. ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದರೆ ಒಂದೇ ಕಡೆ ನಿಲ್ಲಿಸಬೇಡಿ, ರಾಯಲೆಕ್ಸ್ ಬಿಸಿಗೆ ಉಬ್ಬಿಬಿಡುತ್ತದೆ. ಅಸಿಟೋನ್ ಸುರಿಯುವುದಂತೂ ಬೇಡವೇ ಬೇಡ, ಅದು ಎಬಿಎಸ್ ಅನ್ನು ಕರಗಿಸುತ್ತದೆ.

ಈಗ ಸ್ಯಾಡಲ್. ಇಲ್ಲಿ ಎಷ್ಟು ಹೊತ್ತು ಕಳೆದರೂ ಕಡಿಮೆಯೇ. ನನ್ನ ಮೊದಲ ದೋಣಿಯಲ್ಲಿ ಹಳೆಯ ಅಂಟಿನ ಗುರುತು ಸ್ಪಷ್ಟವಾಗಿತ್ತು, ಅದರ ಮೇಲೆಯೇ ಹೊಸ ಸ್ಯಾಡಲ್ ಅಂಟಿಸಿಬಿಟ್ಟೆ. ನೀರಿಗಿಳಿದಾಗ ಮುಂದಿನ ತುದಿ ಮೇಲೆದ್ದು ನಿಂತಿತು, ಗಾಳಿ ಬೀಸಿದ ಕಡೆಗೆಲ್ಲ ತಿರುಗತೊಡಗಿತು. ಹಿಂದಿನ ಮಾಲೀಕರ ತೂಕ ಬೇರೆ, ನನ್ನ ತೂಕ ಬೇರೆ. ಮತ್ತೆ ಕೀಳುವಾಗ ಅರ್ಧ ಫೋಮ್ ಚೂರುಚೂರಾಗಿ ಬಂತು. ಹಾಗಾಗಿ ನೀರಿನಲ್ಲಿ ಕೂತು ನೋಡದೆ ಅಂಟಿನ ಡಬ್ಬಿ ತೆರೆಯಬೇಡಿ. ದೋಣಿ ತೇಲಲು ಒಳಗೆ ಕಟ್ಟುವ ಗಾಳಿ ಚೀಲ ಎಲ್ಲ ಹಾಕಿ, ಸ್ಯಾಡಲ್ ಸುಮ್ನೆ ಇಟ್ಟು, ನಿಂತ ನೀರಿನಲ್ಲಿ ಮಂಡಿಯೂರಿ ಕೂರಿ. ದಡದಲ್ಲಿ ಒಬ್ಬರು ನಿಂತು ಎರಡೂ ತುದಿ ಸಮವಾಗಿವೆಯಾ ಅಂತ ನೋಡಲಿ. ಸಮ ಆಗುವವರೆಗೆ ಅರ್ಧ ಅರ್ಧ ಇಂಚು ಸರಿಸುತ್ತಾ ಹೋಗಿ, ಆಮೇಲೆ ಮಾರ್ಕರ್‌ನಿಂದ ಸುತ್ತ ಗೆರೆ ಎಳೆಯಿರಿ.

ಸ್ಯಾಡಲ್ ಎತ್ತರ ಸಾಮಾನ್ಯವಾಗಿ 7ರಿಂದ 9 ಇಂಚು. ಎತ್ತರ ಇದ್ದಷ್ಟೂ ಮಂಡಿಗೆ, ಹಿಮ್ಮಡಿಗೆ ಆರಾಮ. ತಗ್ಗಿದಷ್ಟೂ ದೋಣಿ ಅಲುಗಾಡುವುದು ಕಡಿಮೆ. ಮೊದಲು ಜಾಸ್ತಿ ಎತ್ತರ ಇಟ್ಟು ಸ್ವಲ್ಪ ಸ್ವಲ್ಪವೇ ಕೊಯ್ಯಿರಿ. ಸ್ಯಾಡಲ್‌ಗೆ ಬಳಸುವ ಮಿನಿಸೆಲ್ ಫೋಮ್‌ಗೆ ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ಸಾಕು, ನುಣುಪು ಮಾಡಲು 60 ನಂಬರಿನ ಉಪ್ಪುಕಾಗದ.

ಅಂಟಿಸುವುದಕ್ಕೆ ಕಾಂಟ್ಯಾಕ್ಟ್ ಸಿಮೆಂಟ್ ಎಂಬ ಅಂಟು. ಗಾಳಿಯಾಡುವ ಜಾಗ ಇರಲಿ, ಹತ್ತಿರ ಬೆಂಕಿ ಬೇಡ. ಜಾಗವನ್ನು ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಣಗಲು ಬಿಡಿ. ಫೋಮ್‌ಗೂ ತಳಕ್ಕೂ ತೆಳುವಾಗಿ ಎರಡು ಸಲ ಬಳಿಯಿರಿ, ಒಂದೊಂದು ಸಲಕ್ಕೂ ಒಣಗಲು ಬಿಡಿ. ಬೆರಳಿನ ಗೆಣ್ಣಿನಿಂದ ಮುಟ್ಟಿ ನೋಡಿ. ತಣ್ಣಗೆ, ಜಿಗುಟಾಗಿ ಹಿಡಿದರೆ ಇನ್ನೂ ಹಸಿ. ಗೆಣ್ಣು ಸಲೀಸಾಗಿ ಬಿಟ್ಟುಬಂದರೆ ಹದ ಬಂದಿದೆ. ಎರಡು ಮುಖ ಒಂದನ್ನೊಂದು ಮುಟ್ಟಿದರೆ ಮುಗಿಯಿತು, ಸರಿಸಲು ಬರುವುದಿಲ್ಲ. ಅದಕ್ಕೇ ನಡುವೆ ಮೇಣದ ಕಾಗದ ಹಾಸಿ, ಸ್ಯಾಡಲ್ ಅನ್ನು ಗೆರೆಗೆ ಸರಿಯಾಗಿ ಕೂರಿಸಿ, ಒಂದು ತುದಿಯಿಂದ ಕಾಗದ ಎಳೆಯುತ್ತಾ ಒತ್ತುತ್ತಾ ಬನ್ನಿ. ಒಂದು ಇಡೀ ದಿನ ಮುಟ್ಟಬೇಡಿ.

ಮಂಡಿ ಮೆತ್ತೆ ಆದಷ್ಟು ಅಗಲಕ್ಕೆ ಇರಲಿ, ದೋಣಿಯ ಪಕ್ಕ ತಳಕ್ಕೆ ಸೇರುವ ಬಾಗಿನ ಹತ್ತಿರ. ಪಾದ ಒತ್ತಿ ಮಂಡಿಯನ್ನು ಮುಂದಕ್ಕೆ ನೂಕಲು ಹಿಂದೆ ಫೋಮ್ ತುಂಡು ಬೇಕು, ಆದರೆ ಪಾದ ಅದರಡಿಗೆ ನುಗ್ಗಿ ಸಿಕ್ಕಿಕೊಳ್ಳಬಾರದು. ಪಟ್ಟಿ ತೊಡೆಯ ನಡುಭಾಗದ ಮೇಲೆ ಹಾಯಬೇಕು. ಬಿಗಿಯಾದಷ್ಟೂ ಒಳ್ಳೆಯದು ಅಂತ ಹೇಳುವವರ ಮಾತು ಕೇಳಬೇಡಿ. ಮಂಡಿ ಒಳಕ್ಕೆ ತಂದು ಸೊಂಟ ಹಿಂದಕ್ಕೆ ಜಾರಿಸಿದರೆ ಪಟ್ಟಿ ತಾನಾಗಿ ಬಿಡಬೇಕು, ಬಕಲ್ ಎಳೆಯುವ ತುದಿ ಕೈಗೆ ತಕ್ಷಣ ಸಿಗಬೇಕು. ಮೊದಲು ನೆಲದ ಮೇಲೆ, ಆಮೇಲೆ ಎದೆಮಟ್ಟದ ನಿಂತ ನೀರಿನಲ್ಲಿ, ಲೈಫ್ ಜಾಕೆಟ್, ಹೆಲ್ಮೆಟ್ ಹಾಕಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಬೇಕಂತಲೇ ಮಗುಚಿ ಹೊರಗೆ ಬನ್ನಿ. ನಾಲ್ಕೈದು ಸಲ ಮಾಡಿ. ಒಂದು ಸಲ ಕಾಲು ಎಲ್ಲಾದರೂ ಹಿಡಿದರೂ ಬಿಚ್ಚಿ ಮತ್ತೆ ಕಟ್ಟಿ. ಉಳಿದಿದ್ದೆಲ್ಲ ಹೇಗಾದರೂ ಇರಲಿ, ಇದೊಂದರಲ್ಲಿ ರಾಜಿ ಬೇಡ.

ಗಾಳಿ ಚೀಲಗಳ ಮೇಲೆ ಒಂದಂಚಿನಿಂದ ಇನ್ನೊಂದಂಚಿಗೆ ಅಡ್ಡಡ್ಡ ಹಗ್ಗ ಹೆಣೆಯಿರಿ. ಜೊತೆಗೆ ನಡುವಿನಲ್ಲಿ ಉದ್ದಕ್ಕೆ ಒಂದು ಪಟ್ಟಿ ಹಾಯಿಸಿ ತಳದ ಡಿ-ರಿಂಗ್‌ಗೆ ಬಿಗಿಯಿರಿ, ಇಲ್ಲದಿದ್ದರೆ ದೋಣಿಗೆ ನೀರು ತುಂಬಿದಾಗ ಚೀಲ ಪಕ್ಕಕ್ಕೆ ನುಸುಳಿ ಆಚೆ ಬರುತ್ತದೆ. ಬಿಸಿಲಿನಲ್ಲಿ ದೋಣಿ ನಿಲ್ಲಿಸುವಾಗ ಸ್ವಲ್ಪ ಗಾಳಿ ಬಿಡಿ, ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿರಿಯುತ್ತದೆ. ತಣ್ಣೀರಿಗೆ ಇಳಿದ ಮೇಲೆ ಮೆತ್ತಗಾದರೆ ಮತ್ತೆ ಊದಿ.

ಮೊದಲ ದಿನ ಹೊರಡುವಾಗ ಚಾಕು, ಉಪ್ಪುಕಾಗದ, ಎರಡು ಮೂರು ಫೋಮ್ ಚೂರು ಚೀಲದಲ್ಲಿ ಇಟ್ಟುಕೊಳ್ಳಿ. ಒಂದು ಗಂಟೆ ಹುಟ್ಟು ಹಾಕಿದ ಮೇಲೆ ಎಲ್ಲಿ ಒತ್ತುತ್ತಿದೆ, ಎಲ್ಲಿ ಸಡಿಲ ಇದೆ ಅಂತ ಮೈಯೇ ಹೇಳುತ್ತದೆ, ಆಗ ದಡದಲ್ಲೇ ಕೂತು ಕೊಯ್ಯಬಹುದು, ತುರುಕಬಹುದು.