ಗ್ಯಾಸ್ ಕುಲುಮೆಯ ಒಳಗೋಡೆಗೆ ಶಾಖ ಸೂಸುವ ಲೇಪ ಹಚ್ಚುವುದು

ಗ್ಯಾಸ್ ಕುಲುಮೆಯ ಬಿಳಿ ಇಟ್ಟಿಗೆಗೋ ಸಿರಾಮಿಕ್ ಫೈಬರಿಗೋ (ಶಾಖ ತಡೆಯುವ ನಾರಿನ ಹಾಸು) ಸಿಲಿಕಾನ್ ಕಾರ್ಬೈಡ್ ಬೆರೆಸಿದ ಕಪ್ಪು ಲೇಪ ಕೊಟ್ಟರೆ, ಒಳಗಿಟ್ಟ ವಸ್ತು ಅಷ್ಟೇ ಗ್ಯಾಸಿನಲ್ಲಿ ಬೇಗ ಕಾಯುತ್ತದೆ. ಅದೇ ಲೇಪವನ್ನು ವಿದ್ಯುತ್ ಕಿಲ್ನ್‌ಗೆ (ಮಡಕೆ ಸುಡುವ ಗೂಡಿಗೆ) ಬಳಿದರೆ ಹೇಳಿಕೊಳ್ಳುವಂಥ ಲಾಭವಿಲ್ಲ. ಡಬ್ಬಿ ತೆರೆಯುವ ಮೊದಲೇ ಈ ವ್ಯತ್ಯಾಸ ಗೊತ್ತಿದ್ದರೆ ಒಂದು ದಿನದ ಕೆಲಸ ಉಳಿಯುತ್ತದೆ.

ಉರಿದ ಗ್ಯಾಸಿನಲ್ಲಿರುವ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಕೆಲವೇ ತರಂಗಾಂತರಗಳಲ್ಲಿ, ಮುಖ್ಯವಾಗಿ 2.7, 4.3 ಮತ್ತು 6.3 ಮೈಕ್ರಾನ್ ಆಸುಪಾಸಿನಲ್ಲಿ ಶಾಖ ಸೂಸುತ್ತವೆ. ಬಿಳಿ ಗೋಡೆ ಅದರಲ್ಲಿ ದೊಡ್ಡ ಪಾಲನ್ನು ಹಾಗೇ ವಾಪಸ್ ಕಳಿಸುತ್ತದೆ. ವಾಪಸ್ ಬಂದದ್ದನ್ನು ಅದೇ ಗ್ಯಾಸ್ ಮತ್ತೆ ಹೀರಿಕೊಂಡು ಚಿಮಣಿಯಲ್ಲಿ ಹೊರಟುಹೋಗುತ್ತದೆ. ಕಪ್ಪು ಗೋಡೆ ಅದನ್ನು ನುಂಗಿ ತಾನು ಕಾದು, ಎಲ್ಲ ತರಂಗಾಂತರಗಳಲ್ಲೂ ಸೂಸುತ್ತದೆ. ಹಾಗೆ ಸೂಸಿದ್ದರಲ್ಲಿ ಹೆಚ್ಚಿನದು ಗ್ಯಾಸನ್ನು ದಾಟಿ ವಸ್ತುವನ್ನು ಮುಟ್ಟುತ್ತದೆ. ವಿದ್ಯುತ್ ಕಿಲ್ನ್‌ನಲ್ಲಿ ನಡುವೆ ಇಂಥ ಗ್ಯಾಸೇ ಇಲ್ಲ. ಎಲ್ಲ ಕಡೆ ಸಮನಾಗಿ ಕಾದ ಮುಚ್ಚಿದ ಪೆಟ್ಟಿಗೆ, ಗೋಡೆ ಯಾವ ಬಣ್ಣದ್ದಾದರೂ, ಒಳಗಿನಿಂದ ಕಪ್ಪಾಗಿಯೇ ವರ್ತಿಸುತ್ತದೆ.

'ನಮ್ಮ ಬಿಳಿ ಫೈಬರಿನ ಎಮಿಸಿವಿಟಿ 0.9 ಇದೆ, ಲೇಪ ಯಾಕೆ?' ಎನ್ನುವವರು ಸಿಗುತ್ತಾರೆ. (ಪರಿಪೂರ್ಣ ಕಪ್ಪು ಮೈ ಸೂಸುವುದನ್ನು 1 ಎಂದಿಟ್ಟುಕೊಂಡರೆ, ಒಂದು ಮೈ ಅದರಲ್ಲಿ ಎಷ್ಟು ಪಾಲು ಸೂಸುತ್ತದೆಂಬುದೇ ಎಮಿಸಿವಿಟಿ.) ಕೈಯಲ್ಲಿ ಹಿಡಿಯುವ ಸಾಮಾನ್ಯ ಇನ್‌ಫ್ರಾರೆಡ್ ಥರ್ಮಾಮೀಟರ್ ನೋಡುವುದು 8ರಿಂದ 14 ಮೈಕ್ರಾನ್. ಅಲ್ಲಿ ಬಿಳಿ ಫೈಬರಿನಲ್ಲಿರುವ ಅಲ್ಯೂಮಿನಾ ಕೂಡ ಚೆನ್ನಾಗಿಯೇ ಸೂಸುತ್ತದೆ. ಆದರೆ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಿಕಿರಣದ ಶಿಖರ 2.3 ಮೈಕ್ರಾನ್‌ನಲ್ಲಿದೆ, ಮುಕ್ಕಾಲು ಪಾಲು ಶಾಖ 5 ಮೈಕ್ರಾನ್‌ಗಿಂತ ಕೆಳಗೇ ಹೋಗುತ್ತದೆ. ಆ ಜಾಗದಲ್ಲಿ ಬಿಳಿ ಫೈಬರಿನ ಎಮಿಸಿವಿಟಿ 0.4ರ ಆಸುಪಾಸಿಗೆ ಇಳಿದಿರುತ್ತದೆ. ಸಿಲಿಕಾನ್ ಕಾರ್ಬೈಡ್ ಮಾತ್ರ 0.85–0.9ರಲ್ಲೇ ನಿಲ್ಲುತ್ತದೆ. ಪರಿಪೂರ್ಣ ಕಪ್ಪು ಮೈ ಆ ತಾಪದಲ್ಲಿ ಚದರ ಮೀಟರಿಗೆ ಸುಮಾರು 149 ಕಿಲೋವ್ಯಾಟ್ ಸೂಸುತ್ತದೆ ಎಂದು ನೆನಪಿಟ್ಟರೆ ಈ ಅಂತರ ಚಿಕ್ಕದಲ್ಲ.

ಪುಡಿ ಮತ್ತು ಅಂಟು

ಸುಮಾರು 3 ಚದರ ಮೀಟರ್ ಗೋಡೆಗೆ ಹೀಗೆ ತೂಗಿಕೊಳ್ಳಿ: 400 ಮೆಶ್‌ಗಿಂತ (ಜರಡಿಯ ಒಂದು ಅಂಗುಲದಲ್ಲಿರುವ ಕಣ್ಣುಗಳ ಲೆಕ್ಕ) ನುಣುಪಾದ ಸಿಲಿಕಾನ್ ಕಾರ್ಬೈಡ್ ಸಾಣೆ ಪುಡಿ 650 ಗ್ರಾಂ, ಕ್ಯಾಲ್ಸೈನ್ ಮಾಡಿದ (ಹೆಚ್ಚು ಬಿಸಿಯಲ್ಲಿ ಸುಟ್ಟ) ಅಲ್ಯೂಮಿನಾ 200 ಗ್ರಾಂ, ಕೆಯೊಲಿನ್ (ಬಿಳಿ ಜೇಡಿಮಣ್ಣು) 130 ಗ್ರಾಂ, ಬೆಂಟೊನೈಟ್ (ನೀರಲ್ಲಿ ಉಬ್ಬುವ ಜೇಡಿಮಣ್ಣು) 20 ಗ್ರಾಂ. ಅಂಟಿಗೆ 40% ಕೊಲಾಯ್ಡಲ್ ಸಿಲಿಕಾ (ನೀರಲ್ಲಿ ತೇಲುವ ಅತಿಸೂಕ್ಷ್ಮ ಸಿಲಿಕಾ ಕಣಗಳ ದ್ರವ) 500 ಮಿಲಿ, ಜೊತೆಗೆ ಡಿಸ್ಟಿಲ್ಡ್ ನೀರು 100–200 ಮಿಲಿ. ಗಡಸು ನೀರು ಹಾಕಬೇಡಿ, ಅದರಲ್ಲಿನ ಲವಣಕ್ಕೆ ಕೊಲಾಯ್ಡಲ್ ಸಿಲಿಕಾ ಗಟ್ಟಿ ಜೆಲ್ ಆಗಿಬಿಡುತ್ತದೆ. ಒಮ್ಮೆ ಹೆಪ್ಪುಗಟ್ಟಿ ಕರಗಿದ ಡಬ್ಬಿಯೂ ಅಷ್ಟೆ, ಎಸೆಯುವುದೇ ಸರಿ.

ಸುಲಭಕ್ಕೆ ಸಿಗುತ್ತದೆಂದು ಸೋಡಿಯಂ ಸಿಲಿಕೇಟ್ ಬಳಸುವವರಿದ್ದಾರೆ. ಅದರ ಸೋಡಿಯಂ ಬಿಸಿಯಲ್ಲಿ ಫ್ಲಕ್ಸ್‌ನಂತೆ (ಕರಗುವ ತಾಪವನ್ನು ಇಳಿಸುವ ವಸ್ತುವಿನಂತೆ) ಕೆಲಸ ಮಾಡಿ ಲೇಪವನ್ನು ಗಾಜಾಗಿಸುತ್ತದೆ, ಸಿಲಿಕಾನ್ ಕಾರ್ಬೈಡನ್ನೂ ತಿನ್ನುತ್ತದೆ. 1000 ಡಿಗ್ರಿ ದಾಟುವ ಕುಲುಮೆಗೆ ಬೇಡ. ಕಪ್ಪಾಗಲಿ ಎಂದು ಐರನ್ ಆಕ್ಸೈಡ್ ಸುರಿಯುವುದೂ ಅಪಾಯ: ಆಕ್ಸಿಜನ್ ಕಡಿಮೆಯಾದ ಉರಿಯಲ್ಲಿ ಅದು ಸಿಲಿಕಾ ಜೊತೆ ಸೇರಿ 1200 ಡಿಗ್ರಿ ಆಸುಪಾಸಿನಲ್ಲೇ ಕರಗಿ ಜಾರುತ್ತದೆ. ಕ್ರೋಮಿಯಂ ಆಕ್ಸೈಡ್ ಒಳ್ಳೆಯ ವಿಕಿರಣಕಾರಿ ನಿಜ, ಆದರೆ ಸುಣ್ಣ ಅಥವಾ ಕ್ಷಾರದ ಜೊತೆ ಗಾಳಿಯಲ್ಲಿ ಕಾದರೆ ವಿಷಕಾರಿ ಹೆಕ್ಸಾವೇಲೆಂಟ್ ಕ್ರೋಮಿಯಂ ಹುಟ್ಟಬಹುದು. ಅದನ್ನು ಕಾರ್ಖಾನೆಗಳಿಗೇ ಬಿಡಿ. (ಸ್ಪೇಸ್ ಶಟಲ್‌ನ ತಳದ ಹಂಚುಗಳು ಮೂಲತಃ ಬಿಳಿ ಸಿಲಿಕಾ ಫೈಬರಿನವು. ಅವುಗಳಿಗೆ ಕಪ್ಪು ಮೈ ಕೊಟ್ಟದ್ದು ಬೋರೋಸಿಲಿಕೇಟ್ ಗಾಜಿನಲ್ಲಿ ಬೆರೆಸಿದ ಸಿಲಿಕಾನ್ ಟೆಟ್ರಾಬೋರೈಡ್.)

ಬೆಂಟೊನೈಟನ್ನು ಹಿಂದಿನ ದಿನವೇ ನೀರಲ್ಲಿ ನೆನೆಸಿಡಿ. ಮರುದಿನ ಕೊಲಾಯ್ಡಲ್ ಸಿಲಿಕಾಕ್ಕೆ ಅದನ್ನು ಸೇರಿಸಿ, ಪುಡಿಗಳನ್ನು ಸ್ವಲ್ಪಸ್ವಲ್ಪವಾಗಿ ಉದುರಿಸುತ್ತ ಕದಡಿ, 80 ಮೆಶ್ ಜರಡಿಯಲ್ಲಿ ಸೋಸಿ. ಗೋಡೆಗೆ ಬಳಿಯುವ ತೆಳು ಪೇಂಟಿನ ಹದ ಸಾಕು. ಪುಡಿ ಭಾರದ್ದು, ತಳ ಸೇರುತ್ತಲೇ ಇರುತ್ತದೆ. ಹಚ್ಚುವಾಗ ಐದೈದು ನಿಮಿಷಕ್ಕೆ ಕದಡದಿದ್ದರೆ ಮೊದಲ ಗೋಡೆಗೆ ಅಂಟು, ಕೊನೆಯ ಗೋಡೆಗೆ ಮರಳು ಸಿಗುತ್ತದೆ.

ಹಚ್ಚುವುದು

ಎನ್95 ಮಾಸ್ಕ್ ಹಾಕಿಕೊಳ್ಳದೆ ಹಳೆಯ ಫೈಬರನ್ನು ಮುಟ್ಟಬೇಡಿ. ವರ್ಷಗಟ್ಟಲೆ ಕಾದ ಫೈಬರಿನಲ್ಲಿ ಕ್ರಿಸ್ಟೋಬಲೈಟ್ (ಸಿಲಿಕಾದ ಒಂದು ಹರಳು ರೂಪ) ಬೆಳೆದಿರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಗೋಡೆಯ ಧೂಳನ್ನು ವ್ಯಾಕ್ಯೂಮ್‌ನಲ್ಲಿ ತೆಗೆಯಿರಿ. ಇಟ್ಟಿಗೆಯಾದರೆ ನೀರು ಚಿಮುಕಿಸಿ ಒದ್ದೆ ಮಾಡಿ, ಇಲ್ಲದಿದ್ದರೆ ಅದು ಲೇಪದ ನೀರನ್ನೆಲ್ಲ ಗಳಿಗೆಯಲ್ಲಿ ಹೀರಿ ಪುಡಿಯನ್ನು ಹೊರಗೇ ಬಿಡುತ್ತದೆ. ಫೈಬರ್ ಬೋರ್ಡಾದರೆ ಮೊದಲು ಒಮ್ಮೆ ಖಾಲಿ ಕುಲುಮೆ ಉರಿಸಿ ಅದರೊಳಗಿನ ಸಾವಯವ ಅಂಟನ್ನು ಸುಟ್ಟುಬಿಡಿ. ಮೆತ್ತನೆಯ ಬ್ಲ್ಯಾಂಕೆಟ್‌ಗೆ ಅರ್ಧಕ್ಕರ್ಧ ನೀರು ಬೆರೆಸಿದ ಕೊಲಾಯ್ಡಲ್ ಸಿಲಿಕಾ ಸಿಂಪಡಿಸಿ ಒಣಗಿಸಿ, ಮೈ ಬಿಗಿಯಾದ ಮೇಲೆ ಲೇಪ ಹಿಡಿಯಿರಿ.

ದಪ್ಪ 0.2 ಮಿಮೀ ಸಾಕು. ಹೆಚ್ಚಿನ ಕೆಲಸ ಕೆಡುವುದು ಇಲ್ಲೇ. ವಿಕಿರಣ ನಡೆಯುವುದು ಮೇಲ್ಪದರದಲ್ಲಿ, 1 ಮಿಮೀ ಬಳಿದರೆ ಐದು ಪಟ್ಟು ಸೂಸುವುದಿಲ್ಲ. ಬದಲಿಗೆ ಸಿಲಿಕಾನ್ ಕಾರ್ಬೈಡ್ ಹಿಗ್ಗುವುದು ಡಿಗ್ರಿಗೆ ಹತ್ತು ಲಕ್ಷದಲ್ಲಿ ನಾಲ್ಕೂವರೆ ಪಾಲು, ಅಲ್ಯೂಮಿನಾ ಎಂಟು ಪಾಲು. ಈ ಎಳೆದಾಟವನ್ನು ತೆಳು ಪದರ ತಡೆದುಕೊಳ್ಳುತ್ತದೆ, ದಪ್ಪ ಪದರ ಹಕ್ಕಳೆಯಾಗಿ ಏಳುತ್ತದೆ. ಅಳತೆಗೆ ಬಕೆಟನ್ನೇ ತೂಗಿ: ಚದರ ಮೀಟರಿಗೆ 550–600 ಗ್ರಾಂ ಹಸಿ ಮಿಶ್ರಣ ಇಳಿದರೆ ದಪ್ಪ ಸರಿಯಿದೆ. ಸ್ಪ್ರೇ ಗನ್ನಾದರೆ 1.5–2 ಮಿಮೀ ನಳಿಕೆ ಇರಲಿ, ಎರಡು ಕೈ ಅಡ್ಡಡ್ಡ ಹೊಡೆಯಿರಿ. ಸಾಣೆ ಪುಡಿ ನಳಿಕೆಯನ್ನೂ ಸವೆಸುತ್ತದೆ ಎಂಬುದು ಗೊತ್ತಿರಲಿ.

ವಿದ್ಯುತ್ ತಂತಿಯ ಕಾಲುವೆಗಳಿದ್ದರೆ ಟೇಪಿನಿಂದ ಮುಚ್ಚಿ, ಸಿಲಿಕಾನ್ ಕಾರ್ಬೈಡ್ ವಿದ್ಯುತ್ ಹರಿಯಬಿಡುತ್ತದೆ. ಬರ್ನರ್ ಬಾಯಿ, ಥರ್ಮೋಕಪಲ್ (ತಾಪ ಅಳೆಯುವ ಸಾಧನ) ತೂತುಗಳನ್ನೂ ಬಿಡಿ. ಕುಲುಮೆಯ ಹೊರಮೈಗೆ ಮಾತ್ರ ಎಂದೂ ಬಳಿಯಬೇಡಿ. ಅಲ್ಲಿ ಚೆನ್ನಾಗಿ ಸೂಸಿದಷ್ಟೂ ನಷ್ಟ.

ಒಣಗಿಸುವುದು

ಆತುರಪಟ್ಟು ಬಿಸಿಗಾಳಿ ಬಿಟ್ಟರೆ ನೀರು ಮೇಲೆ ಓಡಿಬರುವಾಗ ಸಿಲಿಕಾ ಕಣಗಳನ್ನೂ ಎಳೆದು ತರುತ್ತದೆ. ಮೇಲೆ ಗಟ್ಟಿ ಚಿಪ್ಪು, ಬುಡದಲ್ಲಿ ಅಂಟಿಲ್ಲದ ಪುಡಿ. ಉಗುರಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಎರಡನೇ ಉರಿಯಲ್ಲಿ ಹಾಳೆಹಾಳೆಯಾಗಿ ಬೀಳುತ್ತದೆ. ಆದ್ದರಿಂದ 24 ಗಂಟೆ ನೆರಳಿನ ಗಾಳಿ, ಮೂರು ಗಂಟೆ 100–110 ಡಿಗ್ರಿ, ಆಮೇಲೆ ಗಂಟೆಗೆ 100 ಡಿಗ್ರಿಯಂತೆ 600ರ ತನಕ. ಅಲ್ಲಿಂದ ಮುಂದೆ ಕೆಲಸದ ತಾಪಕ್ಕೆ ಎಂದಿನಂತೆ ಏರಿಸಬಹುದು.

ಇಡೀ ಕುಲುಮೆಗೆ ಕೈಹಾಕುವ ಮೊದಲು ಅದೇ ಜಾತಿಯ ಒಂದು ಚೂರು ಇಟ್ಟಿಗೆಗೆ ಹಚ್ಚಿ, ಮೂರು ಸಲ ಕಾಯಿಸಿ ಆರಿಸಿ. ಟೇಪ್ ಅಂಟಿಸಿ ಕಿತ್ತಾಗ ಬೂದಿಬಣ್ಣದ ಪುಡಿ ತುಸು ಬಂದರೆ ಪರವಾಗಿಲ್ಲ, ಚಕ್ಕೆ ಬಂದರೆ ದಪ್ಪ ಕಡಿಮೆ ಮಾಡಿ ಇನ್ನೊಂದು ಚೂರು ತೆಗೆದುಕೊಳ್ಳಿ.

ಬೋರಾಕ್ಸ್ (ಇದೂ ಒಂದು ಫ್ಲಕ್ಸ್) ಬಳಸುವ ಕಮ್ಮಾರಿಕೆಯ ಕುಲುಮೆಯಲ್ಲಿ ನೆಲಕ್ಕೆ ಈ ಲೇಪ ಹೆಚ್ಚು ದಿನ ನಿಲ್ಲುವುದಿಲ್ಲ. ನೆಲಕ್ಕೆ ಅಲ್ಯೂಮಿನಾ ಹಲಗೆ ಹಾಸಿ, ಲೇಪವನ್ನು ಚಾವಣಿಗೂ ಪಕ್ಕದ ಗೋಡೆಗಳಿಗೂ ಸೀಮಿತಗೊಳಿಸಿ. ಉಳಿದೆಡೆ ಸವೆದಾಗ ಹಳೆಯ ಸಡಿಲ ಪದರವನ್ನು ತಂತಿ ಬ್ರಷ್‌ನಿಂದ ಪೂರ್ತಿ ಕೆರೆದ ಮೇಲೇ ಹೊಸದು ಹಚ್ಚಿ, ಮೇಲಿಂದ ಮೇಲೆ ಬಳಿಯುತ್ತ ಹೋದರೆ ಮತ್ತದೇ 1 ಮಿಮೀ ಆಗುತ್ತದೆ.