ನಾನ್-ಇಂಡಿಯನ್ ಗುಮಾಸ್ತನ ಲೆಕ್ಕ

ಅಮೆರಿಕದ ಅರಿಝೋನಾದಲ್ಲಿ, ಮೂಲನಿವಾಸಿ ಬುಡಕಟ್ಟೊಂದು ತನ್ನ ನೆಲದಲ್ಲಿ ತಾನೇ ನಡೆಸುವ ನ್ಯಾಯಾಲಯದಲ್ಲಿ, ಸರ್ಕಾರಿ ಅನುದಾನದ ಲೆಕ್ಕ ಬರೆಯುವುದು ನನ್ನ ಕೆಲಸ. ಊರು ದಾವಣಗೆರೆ. ಸೇರಿದ ವಾರವೇ ಕೈಗೆ ಬಂದ ಕಾನೂನಿನ ಪ್ರತಿಯಲ್ಲಿ ಪುಟಪುಟಕ್ಕೂ ‘ಇಂಡಿಯನ್’, ‘ನಾನ್-ಇಂಡಿಯನ್’. ಇಂಡಿಯನ್ ಅಂದರೆ ಇಲ್ಲಿನ ಮೂಲನಿವಾಸಿ. ಹಾಗಾಗಿ ದಾವಣಗೆರೆಯ ನಾನು ನಾನ್-ಇಂಡಿಯನ್! ನಮ್ಮ ಹಿರಿಯ ಗುಮಾಸ್ತೆ ಹೊಸಬರು ಬಂದಾಗಲೆಲ್ಲ ಇದನ್ನೇ ಹೇಳಿ ನಗುತ್ತಾರೆ.

ಆದರೆ ಆ ಎರಡು ಪದಗಳ ನಡುವೆಯೇ ಕೋರ್ಟಿನ ಗೋಳೆಲ್ಲ ಇರುವುದು. ಹೊರಗಿನವರು, ಅಂದರೆ ನಾನ್-ಇಂಡಿಯನ್ನರು, ಮಾಡಿದ ಅಪರಾಧವನ್ನು ಬುಡಕಟ್ಟು ನ್ಯಾಯಾಲಯ ವಿಚಾರಿಸುವಂತಿಲ್ಲ ಎಂದು 1978ರಲ್ಲಿ ಒಲಿಫೆಂಟ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ಇಲ್ಲೇ ಮನೆ ಮಾಡಿಕೊಂಡು ಹೆಂಡತಿಗೆ ಹೊಡೆದವನು ಹೊರಗಿನವನಾದರೆ, ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ವಕೀಲರು ಕೇಸು ಎತ್ತಿಕೊಂಡರೆ ಉಂಟು, ಇಲ್ಲವಾದರೆ ಇಲ್ಲ. 2013ರ ಕಾಯ್ದೆ ಕೌಟುಂಬಿಕ ಹಿಂಸೆಯ ಮಟ್ಟಿಗೆ ಆ ಅಧಿಕಾರವನ್ನು ಮರಳಿ ಕೊಟ್ಟಿತು. 2014ರಲ್ಲಿ ಪಾಸ್ಕುವಾ ಯಾಕಿ, ಟುಲಾಲಿಪ್, ಯುಮಟಿಲ್ಲಾ ಬುಡಕಟ್ಟುಗಳು ಮೊದಲು ಅದನ್ನು ಚಲಾಯಿಸಿದವು. 2022ರ ಕಾಯ್ದೆ ಲೈಂಗಿಕ ಹಿಂಸೆ, ಬೆನ್ನುಹತ್ತಿ ಕಾಡುವುದು, ಮಕ್ಕಳ ಮೇಲಿನ ಹಿಂಸೆಯನ್ನೂ ಸೇರಿಸಿತು. ಜೊತೆಗೆ 2023ರಿಂದ 2027ರವರೆಗೆ ಈ ಕೆಲಸದ ಖರ್ಚಿಗೆ ಎಲ್ಲ ಬುಡಕಟ್ಟುಗಳಿಗೂ ಸೇರಿ ವರ್ಷಕ್ಕೆ 2.5 ಕೋಟಿ ಡಾಲರ್‌ವರೆಗೆ ಕೊಡಲು ಅನುಮತಿ. ಅನುಮತಿ ಮಾತ್ರ, ಎಷ್ಟು ಕೊಡುವುದೆಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಪ್ರತಿವರ್ಷ ಬೇರೆಯಾಗಿಯೇ ಒಪ್ಪಬೇಕು.

ಅಧಿಕಾರದ ಬೆನ್ನಿಗೆ ಷರತ್ತುಗಳು ಬಂದವು. ಆರೋಪಿ ಬಡವನಾದರೆ ಬುಡಕಟ್ಟಿನ ಖರ್ಚಿನಲ್ಲೇ ವಕೀಲ, ಕಾನೂನು ಓದಿದ ನ್ಯಾಯಾಧೀಶ, ವಿಚಾರಣೆಯ ಧ್ವನಿಮುದ್ರಣ. ತೀರ್ಪು ಹೇಳಲು ಕೂರುವ ಜನಸಾಮಾನ್ಯರ, ಅಂದರೆ ಜ್ಯೂರಿಯ, ಪಟ್ಟಿಯಿಂದ ಹೊರಗಿನವರನ್ನು ಬಿಡುವಂತಿಲ್ಲ. ಹಾಗಾಗಿ ಇಲ್ಲಿ ವಾಸವಿರುವ, ಕೆಲಸ ಮಾಡುವ ಹೊರಗಿನವರ ಹೆಸರು ಕೂಡಿಸಿ ಹೊಸ ಪಟ್ಟಿ ಮಾಡಿದೆವು. ಅಂಚೆ ವೆಚ್ಚಕ್ಕೆಂದು ಹೆಸರುಗಳನ್ನು ಎಣಿಸುತ್ತಾ ಬಂದಾಗ ಮೂರನೇ ಹಾಳೆಯಲ್ಲಿ ನನ್ನದೇ ಹೆಸರು ಸಿಕ್ಕಿತು, ಅದೂ ತಪ್ಪು ಕಾಗುಣಿತದಲ್ಲಿ.

ದುಡ್ಡು ಬರುವ ದಾರಿ ಎರಡು. ಒಂದು ಅನುದಾನ: ಮುಂಚೆಯೇ ಅರ್ಜಿ ಹಾಕಿ ತಯಾರಿಗೆ ಪಡೆಯುವುದು. ಇನ್ನೊಂದು ಮರುಪಾವತಿ: ಮೊದಲು ನಾವು ಖರ್ಚು ಮಾಡಬೇಕು, ಆಮೇಲೆ ಬಿಲ್ಲು ಹಿಡಿದು ಕೇಳಬೇಕು. ಕೈಯಲ್ಲಿ ಕಾಸಿಲ್ಲದ ಬುಡಕಟ್ಟಿಗೆ ಎರಡನೆಯದು ಹಸಿದವನಿಗೆ ‘ಊಟ ಮಾಡಿ ಬಾ, ದುಡ್ಡು ಕೊಡ್ತೀನಿ’ ಅಂದ ಹಾಗೆ ಎಂದೇ ನನ್ನ ಅಭಿಪ್ರಾಯ.

ನಾನು ಎಣಿಸಿರದ ಖರ್ಚೆಂದರೆ ಆಸ್ಪತ್ರೆಯದು. ಒಬ್ಬ ಆರೋಪಿಗೆ ಸಕ್ಕರೆ ಕಾಯಿಲೆ. ಪಕ್ಕದಲ್ಲೇ ಇಂಡಿಯನ್ ಆರೋಗ್ಯ ಸೇವೆಯ ಆಸ್ಪತ್ರೆ ಇದೆ, ಆದರೆ ಅದು ಮೂಲನಿವಾಸಿಗಳಿಗೆ. ಇವನು ಹೊರಗಿನವನು. ಇನ್ಸುಲಿನ್, ರಕ್ತಪರೀಕ್ಷೆ, ಒಂದು ರಾತ್ರಿ ಖಾಸಗಿ ಆಸ್ಪತ್ರೆಯ ತುರ್ತು ವಿಭಾಗ, ಎಲ್ಲದರ ಬಿಲ್ಲೂ ಬುಡಕಟ್ಟಿನ ಹೆಸರಿಗೇ ಬಂತು. ಸೆರೆಮನೆಯ ಹಾಸಿಗೆ ಬಾಡಿಗೆಗಿಂತ ಅದೇ ಜಾಸ್ತಿ.

ಮೊದಲ ಮರುಪಾವತಿ ಅರ್ಜಿಯಲ್ಲಿ ಎಡವಿದ್ದು ನಾನೇ. ಪೊಲೀಸರ ಹಾಜರಿ ಹಾಳೆಯಲ್ಲಿ ‘ಡ್ಯೂಟಿ, 8 ಗಂಟೆ’ ಅಂತಷ್ಟೇ ಇತ್ತು. ಅದರಲ್ಲಿ ಈ ಕೇಸಿಗೆ ಎಷ್ಟು ಗಂಟೆ ಹೋಯಿತು? ಗುರುತು ಹಾಕಿಸಿಕೊಳ್ಳಲು ನನಗೆ ತೋಚಿರಲೇ ಇಲ್ಲ. ಆರು ತಿಂಗಳಾದ ಮೇಲೆ ನೆನಪಿನಿಂದ ಬರೆಸಬಹುದಿತ್ತು. ಹಾಗೆ ಬರೆಸಿದ್ದು ಆಡಿಟ್‌ನಲ್ಲಿ ಸಿಕ್ಕಿಬಿದ್ದರೆ ಬಂದ ದುಡ್ಡೂ ವಾಪಸ್. ಇಡೀ ಬಾಬನ್ನೇ ಹೊಡೆದುಹಾಕಿದೆ. ಮುಖ್ಯ ನ್ಯಾಯಾಧೀಶರು ಆ ಗೆರೆಯನ್ನು ನೋಡಿ, ಏನೂ ಅನ್ನದೆ ಸಹಿ ಹಾಕಿದರು. ಬೈದಿದ್ದರೇ ಚೆನ್ನಾಗಿತ್ತು.

ಈಗ ಕೇಸು ದಾಖಲಾದ ದಿನವೇ ಒಂದು ಹಳದಿ ಫೈಲು ತೆರೆಯುತ್ತೇನೆ. ಪೆಟ್ರೋಲ್ ರಸೀದಿ, ವಕೀಲರ ಗಂಟೆಗಳು, ಸಂತ್ರಸ್ತೆಯನ್ನು ಕೋರ್ಟಿಗೆ ಕರೆತಂದ ಗಾಡಿ ಬಾಡಿಗೆ, ಯಾವುದೇ ಇರಲಿ, ಕೇಸ್ ನಂಬರ್ ಇಲ್ಲದ ಚೀಟಿ ಮುಟ್ಟುವುದಿಲ್ಲ. ಪೊಲೀಸರಿಗೆ ಮೊದಮೊದಲು ಇದು ಕಿರಿಕಿರಿ. ಈಗ ರೂಢಿಯಾಗಿದೆ. ಮೊನ್ನೆ ಒಬ್ಬ ಕಾಫಿ ಬಿಲ್ಲಿನ ಮೇಲೂ ಕೇಸ್ ನಂಬರ್ ಬರೆದು ತಂದಿದ್ದ. ಕಾಫಿಗೆ ಬರಲ್ಲಪ್ಪ ಅಂದೆ.